ಬಿಳಿಯ ಬಾವುಟಗಳ ಬಯಲು

ವಾಷಿಂಗ್ಟನ್ ನಗರದ ನ್ಯಾಷನಲ್ ಮಾಲ್ ಎಂಬ ವಿಶಾಲ ಬಯಲು ಅಮೆರಿಕದ ರಾಷ್ಟ್ರೀಯ ಸ್ಮಾರಕಗಳ ನೆಲೆ. 2021ರ ಸೆಪ್ಟೆಂಬರ್ 17ರಿಂದ ಅಕ್ಟೋಬರ್ 3ರವರೆಗೆ ಅಲ್ಲಿ ಬಾವುಟಗಳ ಸ್ಮಾರಕವೊಂದಿತ್ತು. ವಾಷಿಂಗ್ಟನ್ ಸ್ತಂಭದ ಬಳಿಯ ಹುಲ್ಲುಹಾಸಿನ ಮೇಲೆ, ಸುಮಾರು 20 ಎಕರೆಗಳಲ್ಲಿ, ಪುಟ್ಟ ಬಿಳಿಯ ಬಾವುಟಗಳನ್ನು ಸಾಲಾಗಿ ನೆಟ್ಟಿದ್ದರು. ಕೋವಿಡ್‌ನಿಂದ ಆ ದೇಶದಲ್ಲಿ ಮಡಿದ ಒಬ್ಬೊಬ್ಬರಿಗೂ ಒಂದೊಂದು ಬಾವುಟ. ಮೊದಲ ದಿನ 6.6 ಲಕ್ಷಕ್ಕೂ ಮಿಕ್ಕಿದ್ದವು. ಕೊನೆಯ ದಿನ 7 ಲಕ್ಷ ದಾಟಿದ್ದವು.

ಇದನ್ನು ರೂಪಿಸಿದವರು ಸುಝಾನ್ ಬ್ರೆನನ್ ಫರ್ಸ್ಟೆನ್‌ಬರ್ಗ್ ಎಂಬ ಕಲಾವಿದೆ. ಮರಣಶಯ್ಯೆಯಲ್ಲಿರುವವರ ಆರೈಕೆಯಲ್ಲಿ ದೀರ್ಘಕಾಲ ಸ್ವಯಂಸೇವೆ ಮಾಡಿದ ಅವರು, 2020ರಲ್ಲೇ ಅದೇ ನಗರದ ಇನ್ನೊಂದು ಮೈದಾನದಲ್ಲಿ ಇಂಥದೇ ಬಾವುಟಗಳನ್ನು ನೆಟ್ಟಿದ್ದರು.

ಆ ಸೆಪ್ಟೆಂಬರಿನಲ್ಲಿ ನಾನು ಮಗನ ಮನೆಯಲ್ಲಿದ್ದೆ. ಒಂದು ಮಧ್ಯಾಹ್ನ ಅಲ್ಲಿಗೆ ಹೋದಾಗ ಜನ ಮೊಣಕಾಲೂರಿ ಕುಳಿತು ಬಾವುಟಗಳ ಮೇಲೆ ತಮ್ಮವರ ಹೆಸರು ಬರೆಯುತ್ತಿದ್ದರು. ದೂರದಿಂದ ಹಿಮದ ಹಾಸಿನಂತೆ ಕಂಡದ್ದು ಹತ್ತಿರ ಹೋದಂತೆ ಯಾರದೋ ತಂದೆ, ಯಾರದೋ ಅಜ್ಜಿ ಆಗುತ್ತಿತ್ತು. ಮೃತರ ಒಟ್ಟು ಸಂಖ್ಯೆ ತೋರಿಸುವ ಫಲಕವೂ ಅಲ್ಲಿತ್ತು. ಸಂಖ್ಯೆ ಬೆಳೆದಂತೆ ಬಾವುಟಗಳೂ ಬೆಳೆಯುತ್ತಿದ್ದವು.

ಅಲ್ಲಿಂದ ಪಶ್ಚಿಮಕ್ಕೆ ಒಂದು ರಸ್ತೆ ದಾಟಿದರೆ ಎರಡನೆಯ ಮಹಾಯುದ್ಧದ ಸ್ಮಾರಕ. ಅದರ ಒಂದು ಗೋಡೆಯಲ್ಲಿ 4,048 ಚಿನ್ನದ ನಕ್ಷತ್ರಗಳಿವೆ. ಒಂದೊಂದು ನಕ್ಷತ್ರವೂ ಸುಮಾರು ನೂರು ಅಮೆರಿಕನ್ ಯೋಧರ ಸಾವಿನ ಗುರುತು. ಇನ್ನೂ ಮುಂದೆ ವಿಯೆಟ್ನಾಂ ಯುದ್ಧದ ಕಪ್ಪುಕಲ್ಲಿನ ಗೋಡೆ. ಅದರಲ್ಲಿ 58,000ಕ್ಕೂ ಹೆಚ್ಚು ಹೆಸರುಗಳು. 1918ರ ಇನ್‌ಫ್ಲುಯೆಂಜಾದಲ್ಲಿ ಸತ್ತ ಅಂದಾಜು 6,75,000 ಅಮೆರಿಕನ್ನರಿಗೆ ಮಾತ್ರ ಈ ಬಯಲಿನಲ್ಲಿ ಕಲ್ಲಿಲ್ಲ. ಬಾವುಟಗಳಿನ್ನೂ ನಿಂತಿದ್ದಾಗಲೇ, ಸೆಪ್ಟೆಂಬರ್ 20ರಂದು, ಕೋವಿಡ್ ಸಾವುಗಳು ಆ ಸಂಖ್ಯೆಯನ್ನೂ ಮೀರಿದವು.

ಯುದ್ಧದಲ್ಲಿ ಸತ್ತವರಿಗೆ ಕಲ್ಲು, ಸಾಂಕ್ರಾಮಿಕದಲ್ಲಿ ಸತ್ತವರಿಗೆ ಮರೆವು: ಇದು ಅಮೆರಿಕದ ರೂಢಿ ಮಾತ್ರವಲ್ಲ. ತುರುಗಾಳಗದಲ್ಲಿ ಮಡಿದ ಹಳ್ಳಿಯವನಿಗೂ ಕನ್ನಡ ನಾಡು ವೀರಗಲ್ಲು ನಿಲ್ಲಿಸಿತು. ಆದರೆ 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಾಗ ಗುಡಿ ಸಿಕ್ಕಿದ್ದು ರೋಗಕ್ಕೆ. ಅದು ಪ್ಲೇಗಮ್ಮನಾಗಿ ಪೂಜೆಗೊಂಡಿತು. ನಮ್ಮ ಮುಂಬಯಿಗೆ ಪ್ಲೇಗು ಬಂದದ್ದು 1896ರಲ್ಲಿ. ಬಾಂದ್ರಾದ ಓಣಿಗಳಲ್ಲಿ ಆ ಕಾಲದ ಶಿಲುಬೆಗಳು ಇಂದಿಗೂ ಇವೆ. ಅವು ಉಳಿದವರು ರಕ್ಷಣೆ ಬೇಡಿ ನಿಲ್ಲಿಸಿದವು. ಎರಡೂ ನಗರಗಳಲ್ಲಿ ಪ್ಲೇಗಿನ ತರುವಾಯ ಹೊಸ ಬಡಾವಣೆಗಳು, ಅಗಲ ರಸ್ತೆಗಳು ಬಂದವು. ಸತ್ತವರ ಹೆಸರುಗಳು ಎಲ್ಲಿಯೂ ಬರಲಿಲ್ಲ. 1918ರಲ್ಲಿ ಭಾರತ ಕಳೆದುಕೊಂಡದ್ದು ಒಂದು ಕೋಟಿಗೂ ಹೆಚ್ಚು ಜನರನ್ನು. ಅವರಲ್ಲಿ ಒಬ್ಬರ ಹೆಸರಾದರೂ ನಮಗೆ ನೆನಪಿದೆಯೇ?

ಕಾರಣ ಊಹಿಸುವುದು ಕಷ್ಟವಲ್ಲ. ಕಾಳಗದ ಸಾವಿಗೆ ಹೇಳಲು ಒಂದು ಕಥೆಯಿದೆ, ಹೊಗಳಲು ಒಬ್ಬ ಒಡೆಯನಿದ್ದಾನೆ. ಜ್ವರದ ಸಾವಿನಲ್ಲಿ ಗೆಲುವಿಲ್ಲ. ಉಳಿದವರಿಗೆ ಭಯವಿದೆ, ಕೆಲವೊಮ್ಮೆ ನಾಚಿಕೆಯೂ ಇದೆ.

ನನ್ನ ಅಕ್ಕ ತೀರಿಕೊಂಡದ್ದು ಅದೇ ವರ್ಷದ ಏಪ್ರಿಲಿನಲ್ಲಿ, ಮುಂಬಯಿಯಲ್ಲಿ. ಅವಳ ಅಂತ್ಯಕ್ರಿಯೆಯನ್ನು ನಾನು ಮಗನ ಮನೆಯಿಂದಲೇ ಮೊಬೈಲಿನಲ್ಲಿ ನೋಡಿದೆ. ಆ ಬಯಲಿನಲ್ಲಿ ಪೆನ್ನು ನನ್ನ ಕೈಗೂ ಬಂತು. ಬರೆಯಲಾಗಲಿಲ್ಲ. ಅಲ್ಲಿದ್ದ ಪ್ರತಿ ಬಾವುಟವೂ ಇನ್ನೊಬ್ಬರ ಪಾಲಿನದು. ಅಕ್ಕ ಆ ಲೆಕ್ಕಕ್ಕೆ ಸೇರಿದವಳಲ್ಲ. ಅವಳು ಸೇರಬೇಕಾದ ಲೆಕ್ಕ ಇಲ್ಲಿಯದು, ನಮ್ಮದು.

ಅಕ್ಟೋಬರಿನಲ್ಲಿ ಬಾವುಟಗಳನ್ನು ತೆಗೆದರು, ಹುಲ್ಲು ಮತ್ತೆ ಹುಲ್ಲಾಯಿತು. ಉಳಿದದ್ದು ಜನ ಬರೆದ ಹೆಸರುಗಳು. ನಮಗೆ 20 ಎಕರೆ ಬೇಕಿಲ್ಲ. ಒಂದು ದಪ್ಪ ನೋಟುಪುಸ್ತಕ ಸಾಕು. ಆ ಎರಡು ವರ್ಷಗಳಲ್ಲಿ ನಮ್ಮ ಹೊರನಾಡ ಬಳಗಗಳಿಂದ ಅಗಲಿದವರ ಹೆಸರು, ಹುಟ್ಟಿದೂರು, ತೀರಿಕೊಂಡ ದಿನ, ಇಷ್ಟನ್ನಾದರೂ ಬರೆದಿಡೋಣ. ಅನೇಕರನ್ನು ಹುಟ್ಟೂರಿನ ಮಣ್ಣಿಗೂ ಒಯ್ಯಲಾಗಲಿಲ್ಲ. ಊರಿನ ಹೆಸರಾದರೂ ಅವರ ಹೆಸರಿನ ಪಕ್ಕದಲ್ಲಿರಲಿ.