ಮಾರುತಿ 800ರ 796 ಸಿಸಿ ಎಂಜಿನ್: ರಚನೆ, ಸಾಮರ್ಥ್ಯ, ಹಳತಾದಾಗ ಕಾಡುವ ತೊಂದರೆಗಳು

ಸುಜುಕಿ ಕಂಪನಿಯ ಎಫ್8ಬಿ ಮೂರು ಸಿಲಿಂಡರುಗಳ, 796 ಸಿಸಿ ಗಾತ್ರದ ಪೆಟ್ರೋಲ್ ಎಂಜಿನ್. ಮೊದಲ ಮಾರುತಿ 800 ಕಾರು ಗುರುಗಾಂವ್ ಕಾರ್ಖಾನೆಯಿಂದ ಹೊರಬಂದದ್ದು 1983ರ ಡಿಸೆಂಬರಿನಲ್ಲಿ, ತಯಾರಿಕೆ ನಿಂತದ್ದು 2014ರ ಜನವರಿಯಲ್ಲಿ. ಈ ಮೂರು ದಶಕಗಳಲ್ಲಿ ದೇಶದೊಳಗೆ ಮಾರಾಟವಾದ 25 ಲಕ್ಷಕ್ಕೂ ಹೆಚ್ಚು ಮಾರುತಿ 800 ಕಾರುಗಳಲ್ಲಿ ಬಹುಪಾಲು ಓಡಿದ್ದು ಇದೇ ಎಂಜಿನ್ನಿನ ಬಲದಿಂದ. ಓಮ್ನಿ ವ್ಯಾನಿಗೂ ಇದೇ ಎಂಜಿನ್ ಇತ್ತು. ಕರ್ನಾಟಕದ ಊರೂರುಗಳಲ್ಲಿ ಇಂದಿಗೂ ಓಡುತ್ತಿರುವ ಈ ಎಂಜಿನ್ ರಚನೆಯಲ್ಲಿ ಸರಳ, ರಿಪೇರಿಗೆ ಸುಲಭ. ಆದರೆ ಇದಕ್ಕೆ ಬಂದ ದೊಡ್ಡ ಕಾಯಿಲೆಗಳ ಮೂಲ ಹುಡುಕಿದರೆ ಹೆಚ್ಚಿನ ಸಲ ಸಿಗುವುದು ಒಂದೇ ಕಾರಣ: ಸಮಯಕ್ಕೆ ಗಮನಿಸದೆ ಬಿಟ್ಟ ಬಿಸಿ.

ಹಿನ್ನೆಲೆ

ಜಪಾನಿನಲ್ಲಿ ‘ಕೇ’ ಎಂಬ ಪುಟ್ಟ ಕಾರುಗಳ ವರ್ಗಕ್ಕೆ ತೆರಿಗೆ ರಿಯಾಯಿತಿ ಉಂಟು. 1976ರಿಂದ 1990ರವರೆಗೆ ಆ ವರ್ಗದ ಎಂಜಿನ್ 550 ಸಿಸಿ ಮೀರುವಂತಿರಲಿಲ್ಲ. ಹಾಗಾಗಿ ಸುಜುಕಿ ತನ್ನ ದೇಶದ ಆಲ್ಟೊ ಕಾರಿಗೆ 543 ಸಿಸಿಯ ಎಂಜಿನ್ ಹಾಕಿತು. ಆ ಮಿತಿ ಇಲ್ಲದ ಹೊರದೇಶಗಳಿಗೆ ಅದೇ ಎಫ್ ಸರಣಿಯ ದೊಡ್ಡ ರೂಪವಾದ 796 ಸಿಸಿ ಎಂಜಿನ್ ಹೋಯಿತು. ಭಾರತಕ್ಕೆ ಬಂದದ್ದು ಇದು. ಪಾಕಿಸ್ತಾನದ ಸುಜುಕಿ ಮೆಹ್ರಾನ್ ಕಾರು 2019ರಲ್ಲಿ ನಿಲ್ಲುವವರೆಗೂ ಇದೇ ಎಂಜಿನ್ ಹೊತ್ತಿತ್ತು.

ಮುಖ್ಯ ವಿವರಗಳು

- ವಿನ್ಯಾಸ: ಒಂದೇ ಸಾಲಿನಲ್ಲಿ 3 ಸಿಲಿಂಡರ್, ನೀರಿನಿಂದ ತಂಪಾಗುವ ವ್ಯವಸ್ಥೆ
- ಬೋರ್ ಮತ್ತು ಸ್ಟ್ರೋಕ್: 68.5 ಮಿ.ಮೀ. ಮತ್ತು 72 ಮಿ.ಮೀ.
- ಬ್ಲಾಕ್: ಎರಕದ ಕಬ್ಬಿಣ; ಹೆಡ್: ಅಲ್ಯೂಮಿನಿಯಂ
- ವಾಲ್ವ್: ಸಿಲಿಂಡರಿಗೆ ಎರಡರಂತೆ ಒಟ್ಟು 6, ಹೆಡ್ಡಿನ ಮೇಲೆ ಒಂದೇ ಕ್ಯಾಮ್‌ಶಾಫ್ಟ್
- ಕ್ಯಾಮ್‌ಶಾಫ್ಟ್ ತಿರುಗಿಸುವುದು: ಹಲ್ಲುಗಳಿರುವ ರಬ್ಬರ್ ಟೈಮಿಂಗ್ ಬೆಲ್ಟ್
- ಕಿಡಿ ಹತ್ತುವ ಕ್ರಮ: 1-3-2
- ಶಕ್ತಿ: ಮಾದರಿಗೆ ತಕ್ಕಂತೆ ಸುಮಾರು 37ರಿಂದ 39 ಎಚ್‌ಪಿ
- ಟಾರ್ಕ್: 2500 ಆರ್‌ಪಿಎಂ ಆಸುಪಾಸಿನಲ್ಲಿ ಸುಮಾರು 59 ನ್ಯೂಟನ್ ಮೀಟರ್
- ಎಂಜಿನ್ ಆಯಿಲ್: ಸುಮಾರು 3 ಲೀಟರ್

ಕಾಗದದ ಮೇಲೆ ಈ ಶಕ್ತಿ ಅತ್ಯಲ್ಪ. ಆದರೆ ಕಾರಿನ ತೂಕ ಸುಮಾರು 650 ಕಿಲೋ ಮಾತ್ರ. ಗರಿಷ್ಠ ಟಾರ್ಕ್ ಕಡಿಮೆ ಆರ್‌ಪಿಎಂನಲ್ಲೇ ಸಿಗುವುದರಿಂದ ಊರೊಳಗಿನ ಓಡಾಟದಲ್ಲಿ ಪಿಕಪ್ ಕೊರತೆ ಕಾಣುವುದಿಲ್ಲ. ಹೆದ್ದಾರಿಯಲ್ಲಿ ನಾಲ್ಕು ಜನ ಕೂತು ಲಾರಿ ಹಿಂದಿಕ್ಕಬೇಕಾದಾಗ ಇತಿಮಿತಿ ಗೊತ್ತಾಗುತ್ತದೆ.

2000ನೇ ಇಸವಿಯ ಹೊತ್ತಿಗೆ ಹೊಗೆಯ ನಿಯಮಗಳು ಬಿಗಿಯಾದಂತೆ ಕಾರ್ಬುರೇಟರ್ ಹೋಗಿ ಎಂಪಿಎಫ್‌ಐ ಬಂತು. ಪ್ರತಿ ಸಿಲಿಂಡರಿಗೂ ಬೇರೆ ಇಂಜೆಕ್ಟರ್ ಪೆಟ್ರೋಲ್ ಸಿಂಪಡಿಸುವ ವ್ಯವಸ್ಥೆ ಇದು. ಅದೇ ಕಾಲಕ್ಕೆ ಬಂದ 12 ವಾಲ್ವಿನ ಎಫ್8ಡಿ ಎಂಜಿನ್ ಆಲ್ಟೊ ಕಾರಿಗೂ, ಐದು ಗೇರಿನ ಕೆಲವು ಮಾರುತಿ 800 ಕಾರುಗಳಿಗೂ ಸೇರಿತು. ಗಾತ್ರ ಅದೇ 796 ಸಿಸಿ, ಶಕ್ತಿ ಮಾತ್ರ ಸುಮಾರು 46 ಎಚ್‌ಪಿ. 2010ರ ಏಪ್ರಿಲ್‌ನಲ್ಲಿ ದೊಡ್ಡ ನಗರಗಳಿಗೆ ಬಿಎಸ್-4 ನಿಯಮ ಬಂದಾಗ ಬೆಂಗಳೂರು ಸೇರಿದಂತೆ ಅಲ್ಲೆಲ್ಲ ಮಾರುತಿ 800 ಮಾರಾಟ ನಿಂತಿತು.

ಮೂರು ಸಿಲಿಂಡರಿನ ನಡುಕ

ನಿಂತಲ್ಲೇ ಎಂಜಿನ್ ಓಡುವಾಗ ಸ್ಟೀರಿಂಗ್, ಕನ್ನಡಿ ನಡುಗುವುದನ್ನು ಹಲವರು ದೋಷವೆಂದು ಭಾವಿಸುತ್ತಾರೆ. ಸ್ವಲ್ಪ ನಡುಕ ಈ ವಿನ್ಯಾಸದಲ್ಲೇ ಇದೆ. ಕ್ರ್ಯಾಂಕ್‌ಶಾಫ್ಟ್ ಪ್ರತಿ 240 ಡಿಗ್ರಿ ತಿರುಗಿದಾಗ ಒಮ್ಮೆ ಕಿಡಿ ಹತ್ತುತ್ತದೆ. ನಾಲ್ಕು ಸಿಲಿಂಡರಿನಲ್ಲಿ ಅದು 180 ಡಿಗ್ರಿಗೊಮ್ಮೆ. ಒದೆತಗಳ ನಡುವೆ ಅಂತರ ಹೆಚ್ಚಿರುವುದರಿಂದ ಐಡ್ಲಿಂಗ್‌ನಲ್ಲಿ ಮಿಡಿತ ಗೊತ್ತಾಗುತ್ತದೆ. ಜೊತೆಗೆ ಎರಡು ತುದಿಯ ಪಿಸ್ಟನ್‌ಗಳು ಒಂದೇ ಲಯದಲ್ಲಿ ಏರಿಳಿಯದ ಕಾರಣ ಎಂಜಿನ್ ಉದ್ದಕ್ಕೆ ತೂಗಾಡುತ್ತದೆ. ಅದನ್ನು ನುಂಗಿಕೊಳ್ಳಬೇಕಾದದ್ದು ರಬ್ಬರ್ ಮೌಂಟಿಂಗ್‌ಗಳು.

ಮೊದಲು ಇಲ್ಲದ ನಡುಕ ಈಗ ಶುರುವಾಗಿದ್ದರೆ ಮಾತ್ರ ಹುಡುಕಬೇಕು. ಕ್ಲಚ್ ಬಿಡುವಾಗ ಧಡ್ ಎಂಬ ಸದ್ದು ಬಂದರೆ ಮೌಂಟಿಂಗ್ ಸತ್ತಿರುತ್ತದೆ. ಎಂಜಿನ್ ಕುಂಟುತ್ತ ಓಡಿದರೆ, ಅಂದರೆ ಮೆಕ್ಯಾನಿಕ್‌ಗಳು ಹೇಳುವ ‘ಮಿಸ್ಸಿಂಗ್’ ಇದ್ದರೆ, ಪ್ಲಗ್, ಪ್ಲಗ್ ವೈರ್, ಡಿಸ್ಟ್ರಿಬ್ಯೂಟರ್ ಕ್ಯಾಪ್‌ಗಳನ್ನು ಮೊದಲು ನೋಡಬೇಕು. ಮೂರರಲ್ಲಿ ಒಂದು ಸಿಲಿಂಡರ್ ಸುಮ್ಮನಾದರೆ ಮೂರನೇ ಒಂದು ಭಾಗದಷ್ಟು ಶಕ್ತಿಯೇ ಹೋದಂತೆ.

ಓವರ್‌ಹೀಟ್ ಮತ್ತು ಹೆಡ್ ಗ್ಯಾಸ್ಕೆಟ್

ಈ ಎಂಜಿನ್ನಿನ ಅತಿ ದುಬಾರಿ ತೊಂದರೆ ಇದು. ಬಿಸಿಯಾದಾಗ ಅಲ್ಯೂಮಿನಿಯಂ ಕಬ್ಬಿಣಕ್ಕಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಮಿತಿಯೊಳಗೆ ಈ ವ್ಯತ್ಯಾಸವನ್ನು ನಡುವಿನ ಗ್ಯಾಸ್ಕೆಟ್ ಸಹಿಸುತ್ತದೆ. ಮಿತಿ ಮೀರಿದರೆ ಹೆಡ್ ಬಾಗುತ್ತದೆ, ಗ್ಯಾಸ್ಕೆಟ್ ಸುಡುತ್ತದೆ, ಸಿಲಿಂಡರಿನ ಅನಿಲ ನೀರಿನ ದಾರಿಗೆ ನುಗ್ಗುತ್ತದೆ. ಆಗ ರೇಡಿಯೇಟರಿನಲ್ಲಿ ಗುಳ್ಳೆ ಏಳುತ್ತದೆ, ಸೈಲೆನ್ಸರಿನಿಂದ ಬಿಳಿ ಹೊಗೆ ನಿಲ್ಲದೆ ಬರುತ್ತದೆ, ನೀರು ಬೆರೆತ ಆಯಿಲ್ ಹಾಲು ಹೆಚ್ಚಾದ ಕಾಫಿಯ ಬಣ್ಣಕ್ಕೆ ತಿರುಗುತ್ತದೆ.

ಬಿಸಿ ಏರಲು ಕಾರಣಗಳು ತೀರಾ ಸಣ್ಣವು. ಕೂಲಂಟ್ ಬದಲಿಗೆ ವರ್ಷಗಟ್ಟಲೆ ಬೋರ್‌ವೆಲ್ ನೀರು ಹಾಕಿದರೆ ಒಳಗೆ ತುಕ್ಕು, ಸುಣ್ಣದ ಪದರ ಕಟ್ಟಿ ರೇಡಿಯೇಟರಿನ ನಳಿಗೆಗಳು ಮುಚ್ಚುತ್ತವೆ. ಬಯಲುಸೀಮೆಯ ಗಡಸು ನೀರಿನಲ್ಲಿ ಇದು ಬೇಗ ಆಗುತ್ತದೆ. ವಾಟರ್ ಪಂಪನ್ನೂ ಆಲ್ಟರ್ನೇಟರನ್ನೂ ತಿರುಗಿಸುವ ಬೆಲ್ಟ್ ಸಡಿಲವಾದರೆ ನೀರಿನ ಹರಿವು ತಗ್ಗುತ್ತದೆ. ವಿದ್ಯುತ್ ಫ್ಯಾನಿನ ಸ್ವಿಚ್ ಕೆಟ್ಟರೆ ಟ್ರಾಫಿಕ್‌ನಲ್ಲಿ ನಿಂತಾಗ ಗಾಳಿಯೇ ಇರುವುದಿಲ್ಲ. ತುಂಬಿದ ಕಾರು ಆಗುಂಬೆ, ಚಾರ್ಮಾಡಿಯಂಥ ಘಾಟಿಗಳನ್ನು ಎರಡನೇ ಗೇರಿನಲ್ಲಿ ಹತ್ತುವಾಗ ಈ ಕೊರತೆಗಳೆಲ್ಲ ಒಮ್ಮೆಲೇ ಹೊರಬೀಳುತ್ತವೆ.

ಬಿಸಿಗೆ ಮದ್ದೆಂದು ಥರ್ಮೋಸ್ಟಾಟ್ ಕಿತ್ತೆಸೆಯುವ ರೂಢಿ ಗ್ಯಾರೇಜುಗಳಲ್ಲಿದೆ. ಅದು ತಪ್ಪು. ಎಂಜಿನ್ ಸರಿಯಾದ ಬಿಸಿಗೆ ಬರಲು ಆಗ ಬಹಳ ಹೊತ್ತು ಬೇಕು. ಅಷ್ಟು ಕಾಲವೂ ಪೆಟ್ರೋಲ್ ಹೆಚ್ಚು ಉರಿಯುತ್ತದೆ, ಸಿಲಿಂಡರ್ ಸವೆಯುತ್ತದೆ, ಮೂಲ ಕಾರಣ ಹಾಗೇ ಉಳಿಯುತ್ತದೆ. ಮುಳ್ಳು ಕೆಂಪು ಗುರುತಿನತ್ತ ಏರಿದರೆ ಕೂಡಲೇ ಗಾಡಿ ನಿಲ್ಲಿಸಿ ಎಂಜಿನ್ ಆರಿಸಬೇಕು. ಬಿಸಿಯಿರುವಾಗ ರೇಡಿಯೇಟರ್ ಮುಚ್ಚಳ ತೆಗೆಯಬಾರದು, ಕುದಿಯುವ ನೀರು ಮುಖಕ್ಕೆ ಚಿಮ್ಮುತ್ತದೆ. ಹೆಡ್ ಬಿಚ್ಚಿದಾಗ ಗ್ಯಾಸ್ಕೆಟ್ ಮಾತ್ರ ಬದಲಿಸಿದರೆ ಸಾಲದು. ಲೇತಿನಲ್ಲಿ ಮೇಲ್ಮೈ ಸಪಾಟಾಗಿದೆಯೇ ಎಂದು ನೋಡಿಸಿ, ಬೇಕಿದ್ದರೆ ಫೇಸಿಂಗ್ ಮಾಡಿಸಬೇಕು. ಇಲ್ಲದಿದ್ದರೆ ಹೊಸ ಗ್ಯಾಸ್ಕೆಟ್ ಕೂಡ ಬಾಳುವುದಿಲ್ಲ.

ಹೊಗೆ ಮತ್ತು ಆಯಿಲ್ ಖರ್ಚು

ನೀಲಿ ಹೊಗೆ ಎಂದರೆ ಆಯಿಲ್ ಉರಿಯುತ್ತಿದೆ ಎಂದರ್ಥ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಒಮ್ಮೆ ಬಂದು ನಿಂತರೆ ಸಾಮಾನ್ಯವಾಗಿ ವಾಲ್ವ್ ಸೀಲುಗಳು ಗಟ್ಟಿಯಾಗಿವೆ, ಖರ್ಚು ಕಡಿಮೆ. ಓಡುವಾಗಲೂ, ಆಕ್ಸಿಲರೇಟರ್ ಒತ್ತಿದಾಗಲೆಲ್ಲ ಹೊಗೆ ಬಂದರೆ ಪಿಸ್ಟನ್ ರಿಂಗ್ ಅಥವಾ ಸಿಲಿಂಡರ್ ಸವೆದಿದೆ. ಕಂಪ್ರೆಷನ್ ಪರೀಕ್ಷೆ ಮಾಡಿಸಿದರೆ ಯಾವ ಸಿಲಿಂಡರ್ ಸೋತಿದೆ ಎಂಬುದು ತಿಳಿಯುತ್ತದೆ. ಬ್ಲಾಕ್ ಕಬ್ಬಿಣದ್ದಾದ್ದರಿಂದ ಬೋರ್ ಮಾಡಿಸಿ 0.25 ಅಥವಾ 0.50 ಮಿ.ಮೀ. ಓವರ್‌ಸೈಜ್ ಪಿಸ್ಟನ್ ಹಾಕಬಹುದು. ಎಂಜಿನ್ನಿಗೆ ಎರಡನೇ ಆಯುಷ್ಯ ಸಿಗುವುದು ಇಲ್ಲೇ.

ಕೇವಲ ಮೂರು ಲೀಟರ್ ಆಯಿಲ್ ಇರುವ ಎಂಜಿನ್ನಿನಲ್ಲಿ ಒಂದು ಲೀಟರ್ ಸೋರಿದರೂ ಅಪಾಯ. ವಾಲ್ವ್ ಕವರ್ ಗ್ಯಾಸ್ಕೆಟ್, ಕ್ಯಾಮ್ ಸೀಲ್, ಕ್ರ್ಯಾಂಕ್ ಸೀಲ್ ಸೋರುವ ಮುಖ್ಯ ಜಾಗಗಳು. ಸೋರಿದ ಆಯಿಲ್ ಟೈಮಿಂಗ್ ಬೆಲ್ಟಿಗೆ ತಾಗಿದರೆ ಅದೂ ಬೇಗ ಹಾಳಾಗುತ್ತದೆ. ಈ ಬೆಲ್ಟ್ ಮುನ್ಸೂಚನೆ ಕೊಡದೆ ಹರಿಯುತ್ತದೆ, ಎಂಜಿನ್ ರಸ್ತೆಯ ನಡುವೆಯೇ ನಿಲ್ಲುತ್ತದೆ. ಹಳೆ ಕಾರು ಕೊಂಡವರು ಬೆಲ್ಟ್ ಯಾವಾಗ ಬದಲಾಗಿದೆ ಎಂದು ಖಚಿತವಿಲ್ಲದಿದ್ದರೆ ಮೊದಲ ಸರ್ವಿಸಿನಲ್ಲೇ ಬದಲಿಸಬೇಕು. ಹೆಡ್ಡಿನಿಂದ ಟಿಕ್ ಟಿಕ್ ಸದ್ದು ಬಂದರೆ ಟ್ಯಾಪೆಟ್ ಸೆಟ್ಟಿಂಗ್ ಮಾಡಿಸಿದರೆ ಸಾಕು.

ಕಾರ್ಬುರೇಟರ್, ಎಂಪಿಎಫ್‌ಐ ಮತ್ತು ಇಂದಿನ ಪೆಟ್ರೋಲ್

ಕಾರ್ಬುರೇಟರ್ ಮಾದರಿಯಲ್ಲಿ ಜೆಟ್‌ಗಳಿಗೆ ಕಸ ಕಟ್ಟುವುದು, ಚೋಕ್ ಅಂಟಿಕೊಳ್ಳುವುದು, ಪೆಟ್ರೋಲ್ ಪಂಪಿನ ರಬ್ಬರ್ ಪೊರೆ ಹರಿಯುವುದು ಸಾಮಾನ್ಯ. ಎಳೆತ ತಗ್ಗುತ್ತದೆ, ಮೈಲೇಜ್ ಇಳಿಯುತ್ತದೆ. ಎಂಪಿಎಫ್‌ಐ ಮಾದರಿಯಲ್ಲಿ ಐಡ್ಲಿಂಗ್ ಏರುಪೇರಾದರೆ ಥ್ರಾಟಲ್ ಬಾಡಿಯ ಕೊಳೆ, ಸೆನ್ಸರ್, ಇಲಿ ಕಡಿದ ವೈರಿಂಗ್ ನೋಡಬೇಕು. ಟ್ಯಾಂಕಿನೊಳಗಿನ ಪಂಪನ್ನು ತಂಪಾಗಿಡುವುದು ಪೆಟ್ರೋಲೇ. ಸದಾ ರಿಸರ್ವ್‌ನಲ್ಲಿ ಓಡಿಸಿದರೆ ಅದರ ಆಯಸ್ಸು ಕಡಿಮೆಯಾಗುತ್ತದೆ.

ಶೇ. 20 ಎಥನಾಲ್ ಬೆರೆತ ಇ20 ಪೆಟ್ರೋಲಿಗೆ 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಚಾಲನೆ ಸಿಕ್ಕಿತು. ಎಫ್8ಬಿ ರೂಪುಗೊಂಡದ್ದು ಎಥನಾಲ್ ಬೆರೆಯದ ಪೆಟ್ರೋಲಿಗೆ. ಎಥನಾಲ್ ಹಳೆಯ ರಬ್ಬರನ್ನು ಉಬ್ಬಿಸುತ್ತದೆ, ಗಾಳಿಯ ತೇವ ಹೀರಿಕೊಳ್ಳುತ್ತದೆ. ಆದ್ದರಿಂದ ಪೆಟ್ರೋಲ್ ಪೈಪುಗಳನ್ನು ಎಥನಾಲ್ ತಾಳುವ ಹೊಸ ಪೈಪುಗಳಿಗೆ ಬದಲಿಸುವುದು ಒಳ್ಳೆಯದು. ಎಂಜಿನ್ ಮೇಲೆ ಪೆಟ್ರೋಲ್ ಜಿನುಗಿದರೆ ಬೆಂಕಿಯ ಅಪಾಯವಿದೆ.

ಕೊಳ್ಳುವಾಗ, ಉಳಿಸಿಕೊಳ್ಳುವಾಗ

ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ; ಆಮೇಲೆ ಐದೈದು ವರ್ಷಕ್ಕೊಮ್ಮೆ ತಪಾಸಣೆ ಮಾಡಿಸಿ ನವೀಕರಿಸಬೇಕು. ಕೊನೆಯ ಮಾರುತಿ 800 ಕಾರುಗಳಿಗೂ ಆ ಗಡುವು ದೂರವಿಲ್ಲ. ಕೊಳ್ಳುವವರು ಎಂಜಿನ್ ತಣ್ಣಗಿರುವಾಗಲೇ ಹೋಗಿ ರೇಡಿಯೇಟರ್ ನೀರಿನ ಬಣ್ಣ, ಆಯಿಲ್ ಸ್ಥಿತಿ, ಮೊದಲ ಸ್ಟಾರ್ಟಿನ ಹೊಗೆ ಗಮನಿಸಬೇಕು. ಆಮೇಲೆ ಅರ್ಧ ಗಂಟೆ ಓಡಿಸಿ, ನಿಲ್ಲಿಸಿಟ್ಟು ಫ್ಯಾನ್ ತಾನಾಗಿ ತಿರುಗುವವರೆಗೂ ಕಾಯಬೇಕು. ಫ್ಯಾನ್ ತಿರುಗಿ ಮುಳ್ಳು ಇಳಿದರೆ ಎಂಜಿನ್ನಿನ ಮುಖ್ಯ ಪರೀಕ್ಷೆ ಮುಗಿದಂತೆ. ಉಳಿದ ಬಹುತೇಕ ದೋಷಗಳನ್ನು ತಾಲ್ಲೂಕು ಕೇಂದ್ರದ ಮೆಕ್ಯಾನಿಕ್ ಕೂಡ ಸರಿಪಡಿಸಬಲ್ಲ. ಕೂಲಂಟ್, ಆಯಿಲ್, ಬೆಲ್ಟ್ ಈ ಮೂರಕ್ಕೆ ಸಮಯಕ್ಕೆ ಸರಿಯಾಗಿ ಹಣ ಹಾಕಿದವರಿಗೆ ಹೆಡ್ ಬಿಚ್ಚಿಸುವ ಖರ್ಚು ಬರುವುದು ಅಪರೂಪ.