ಗ್ಲಾಕೋಮಾ ಪತ್ತೆಯಲ್ಲಿ ಕಣ್ಣಿನ ಹನಿಗಳ ಪ್ರಚೋದನಾ ಪರೀಕ್ಷೆ

ಗ್ಲಾಕೋಮಾ ಎಂದರೇನು?
ಗ್ಲಾಕೋಮಾ ಎಂಬುದು ದೃಷ್ಟಿನರವನ್ನು ಹಾನಿಗೊಳಿಸುವ ಕಾಯಿಲೆಗಳ ಗುಂಪು. ಕಣ್ಣಿನೊಳಗೆ ಸದಾ ಉತ್ಪತ್ತಿಯಾಗುವ ದ್ರವವು ಕಾರ್ನಿಯಾ ಮತ್ತು ಐರಿಸ್ ಕೂಡುವ ಕೋನದ ಮೂಲಕ ಹೊರಹೋಗುತ್ತದೆ. ಈ ಹರಿವಿಗೆ ಅಡ್ಡಿಯಾದಲ್ಲಿ ಕಣ್ಣಿನ ಒತ್ತಡ ಏರುತ್ತದೆ. ಸಾಮಾನ್ಯ ಒತ್ತಡವು 10ರಿಂದ 21 ಮಿ.ಮೀ. ಪಾದರಸದಷ್ಟಿರುತ್ತದೆ. ಒತ್ತಡ ಸಾಮಾನ್ಯವಾಗಿದ್ದರೂ ಕೆಲವರಲ್ಲಿ ಈ ಕಾಯಿಲೆ ಕಂಡುಬರುತ್ತದೆ. ಪೊರೆಯಿಂದ ಮಂದವಾದ ದೃಷ್ಟಿಯನ್ನು ಶಸ್ತ್ರಚಿಕಿತ್ಸೆಯಿಂದ ಮರಳಿ ಪಡೆಯಬಹುದು. ಗ್ಲಾಕೋಮಾದಿಂದ ನಷ್ಟವಾದ ದೃಷ್ಟಿ ಮರಳುವುದಿಲ್ಲ. ಆದುದರಿಂದ ಕಾಯಿಲೆಯನ್ನು ಆರಂಭದಲ್ಲಿಯೇ ಪತ್ತೆ ಮಾಡುವುದು ಅತ್ಯಗತ್ಯ.

ಪ್ರಚೋದನಾ ಪರೀಕ್ಷೆ ಎಂದರೇನು?
ಕೋನ ಕಿರಿದಾಗಿರುವ ಕಣ್ಣಿನಲ್ಲಿ ಪರೀಕ್ಷೆಯ ವೇಳೆ ಒತ್ತಡ ಸಾಮಾನ್ಯವಾಗಿಯೇ ಇರಬಹುದು. ಅಂತಹ ಕಣ್ಣಿನಲ್ಲಿ ಒತ್ತಡ ಏರುವ ಸಂಭವವಿದೆಯೇ ಎಂದು ತಿಳಿಯಲು, ವೈದ್ಯರ ನಿಗಾದಲ್ಲಿ ಉದ್ದೇಶಪೂರ್ವಕವಾಗಿ ಅದಕ್ಕೆ ಅನುಕೂಲವಾದ ಸ್ಥಿತಿಯನ್ನು ಉಂಟುಮಾಡಿ ನೋಡುವುದೇ ಪ್ರಚೋದನಾ ಪರೀಕ್ಷೆ.

ಪರೀಕ್ಷೆಯ ವಿಧಗಳು
1. ಪಾಪೆ ಹಿಗ್ಗಿಸುವ ಹನಿಗಳ ಪರೀಕ್ಷೆ: ಮೊದಲು ಕಣ್ಣಿನ ಒತ್ತಡವನ್ನು ಅಳೆಯಲಾಗುತ್ತದೆ. ನಂತರ ಟ್ರೋಪಿಕಮೈಡ್‌ನಂತಹ ಅಲ್ಪಾವಧಿ ಔಷಧದ ಹನಿ ಹಾಕಲಾಗುತ್ತದೆ. ಪಾಪೆ ಹಿಗ್ಗಿದಾಗ ಐರಿಸ್‌ನ ಅಂಚು ಕೋನದ ಕಡೆಗೆ ಒತ್ತಿ, ಕಿರಿದಾದ ಕೋನವನ್ನು ಮುಚ್ಚಬಹುದು. ಒತ್ತಡವನ್ನು ಮತ್ತೆ ಅಳೆದಾಗ 8 ಮಿ.ಮೀ. ಅಥವಾ ಅದಕ್ಕಿಂತ ಹೆಚ್ಚು ಏರಿಕೆ ಕಂಡುಬಂದು, ಕೋನವು ಮುಚ್ಚಿರುವುದೂ ದೃಢಪಟ್ಟಲ್ಲಿ ಫಲಿತಾಂಶವನ್ನು ಧನಾತ್ಮಕವೆಂದು ಪರಿಗಣಿಸುವುದು ರೂಢಿ.

2. ಸ್ಟೀರಾಯ್ಡ್ ಹನಿಗಳ ಪರೀಕ್ಷೆ: 1960ರ ದಶಕದಲ್ಲಿ ಅಮೆರಿಕದ ಬರ್ನಾರ್ಡ್ ಬೆಕರ್ ಮತ್ತು ಮನ್ಸೂರ್ ಆರ್ಮಲಿ ಅವರು ಹಲವು ವಾರಗಳ ಕಾಲ ಸ್ಟೀರಾಯ್ಡ್ ಹನಿಗಳನ್ನು ನೀಡಿ ಒತ್ತಡದ ಏರಿಕೆಯನ್ನು ಅಧ್ಯಯನ ಮಾಡಿದರು. ಸುಮಾರು ಮೂರನೆಯ ಒಂದು ಭಾಗದಷ್ಟು ಜನರಲ್ಲಿ ಮಧ್ಯಮ ಪ್ರಮಾಣದ ಏರಿಕೆಯೂ, ಶೇ. 5ರ ಆಸುಪಾಸಿನಷ್ಟು ಜನರಲ್ಲಿ ತೀವ್ರ ಏರಿಕೆಯೂ ಕಂಡುಬಂದಿತು. ಈ ಪರೀಕ್ಷೆ ಈಗ ರೋಗಪತ್ತೆಗೆ ಬಳಕೆಯಲ್ಲಿಲ್ಲ; ಆದರೆ ಅದರಿಂದ ತಿಳಿದುಬಂದ ಅಪಾಯ ಇಂದಿಗೂ ಮುಖ್ಯವಾಗಿದೆ.

ಈ ಪರೀಕ್ಷೆಗಳ ಇಂದಿನ ಸ್ಥಾನ
ಪ್ರಚೋದನಾ ಪರೀಕ್ಷೆಗಳನ್ನು ಈಗ ವಿರಳವಾಗಿ ಮಾತ್ರ ಮಾಡಲಾಗುತ್ತದೆ. ಪರೀಕ್ಷೆಯಲ್ಲಿ ಒತ್ತಡ ಏರದಿದ್ದವರಲ್ಲಿಯೂ ಮುಂದೆ ಕೋನ ಮುಚ್ಚಬಹುದು. ಏರಿದವರೆಲ್ಲರಿಗೂ ಕಾಯಿಲೆ ಬರುವುದೆಂದೂ ಹೇಳಲಾಗದು. ಆದುದರಿಂದ ಫಲಿತಾಂಶ ಋಣಾತ್ಮಕವಾಗಿ ಬಂದಿತೆಂದು ಮುಂದಿನ ತಪಾಸಣೆಯನ್ನು ಕೈಬಿಡಬಾರದು. ವಿಶೇಷ ಮಸೂರವನ್ನು ಕಣ್ಣಿಗೆ ತಾಗಿಸಿ ಕೋನವನ್ನು ನೇರವಾಗಿ ನೋಡುವ ಗೋನಿಯೋಸ್ಕೋಪಿ, ಒತ್ತಡದ ಮಾಪನ, ದೃಷ್ಟಿನರದ ತಪಾಸಣೆ ಹಾಗೂ ದೃಷ್ಟಿಕ್ಷೇತ್ರ ಪರೀಕ್ಷೆಗಳೇ ರೋಗನಿರ್ಣಯಕ್ಕೆ ಮುಖ್ಯ ಆಧಾರ. ಅಗತ್ಯವಿದ್ದವರಿಗೆ ಲೇಸರ್ ಮೂಲಕ ಐರಿಸ್‌ನಲ್ಲಿ ಸಣ್ಣ ರಂಧ್ರ ಮಾಡಿ ಕೋನ ಮುಚ್ಚುವುದನ್ನು ತಡೆಯಲಾಗುತ್ತದೆ.

ಸಾರ್ವಜನಿಕರ ಗಮನಕ್ಕೆ
• ಆಸ್ಪತ್ರೆಯಲ್ಲಿ ಕಣ್ಣಿಗೆ ಹನಿ ಹಾಕಿ ಕಾಯಿಸುವುದು ಸಾಮಾನ್ಯವಾಗಿ ಅಕ್ಷಿಪಟಲವನ್ನು ಪರೀಕ್ಷಿಸಲು. ಅದು ಪ್ರಚೋದನಾ ಪರೀಕ್ಷೆಯಲ್ಲ. ಕೋನ ಕಿರಿದಾಗಿದೆಯೆಂದು ಹಿಂದೆ ತಿಳಿಸಿದ್ದಲ್ಲಿ ಹನಿ ಹಾಕುವ ಮೊದಲೇ ಸಿಬ್ಬಂದಿಯ ಗಮನಕ್ಕೆ ತರತಕ್ಕದ್ದು.
• ಹನಿ ಹಾಕಿದ ನಂತರ ಕೆಲವು ಗಂಟೆಗಳ ಕಾಲ ದೃಷ್ಟಿ ಮಬ್ಬಾಗಿರುತ್ತದೆ. ವಾಹನ ಚಲಾಯಿಸಬಾರದು, ಜೊತೆಯಲ್ಲಿ ಒಬ್ಬರನ್ನು ಕರೆತರುವುದು ಒಳಿತು.
• ಮನೆಗೆ ಹಿಂದಿರುಗಿದ ಮೇಲೆ ತೀವ್ರ ಕಣ್ಣುನೋವು, ತಲೆನೋವು, ವಾಂತಿ, ಕಣ್ಣು ಕೆಂಪಾಗುವುದು ಅಥವಾ ದೀಪದ ಸುತ್ತ ಬಣ್ಣದ ಬಳೆ ಕಾಣುವುದು ಕಂಡುಬಂದಲ್ಲಿ ಬೆಳಗಾಗುವವರೆಗೆ ಕಾಯದೆ ತಕ್ಷಣ ಆಸ್ಪತ್ರೆಗೆ ಬರತಕ್ಕದ್ದು. ಪಾಪೆ ಮತ್ತೆ ಕುಗ್ಗುತ್ತಿರುವ ವೇಳೆಯಲ್ಲಿಯೂ ಕೋನ ಮುಚ್ಚುವ ಸಂಭವವಿರುತ್ತದೆ.
• ಕಣ್ಣಿನ ತುರಿಕೆ ಅಥವಾ ಅಲರ್ಜಿಗೆ ವೈದ್ಯರ ಚೀಟಿಯಿಲ್ಲದೆ ಔಷಧಿ ಅಂಗಡಿಯಿಂದ ಸ್ಟೀರಾಯ್ಡ್ ಹನಿಗಳನ್ನು ತಂದು, ವಿಶೇಷವಾಗಿ ಮಕ್ಕಳಿಗೆ, ಬಳಸಬಾರದು. ನೋವಿಲ್ಲದೆಯೇ ಒತ್ತಡ ಏರಿ ದೃಷ್ಟಿ ನಷ್ಟವಾಗಬಹುದು.

ಯಾರು ತಪಾಸಣೆ ಮಾಡಿಸಿಕೊಳ್ಳಬೇಕು?
40 ವರ್ಷ ಮೀರಿದವರು, ತಂದೆ, ತಾಯಿ ಅಥವಾ ಒಡಹುಟ್ಟಿದವರಲ್ಲಿ ಗ್ಲಾಕೋಮಾ ಇರುವವರು, ಮಧುಮೇಹಿಗಳು ಹಾಗೂ ದೀರ್ಘಕಾಲ ಸ್ಟೀರಾಯ್ಡ್ ಬಳಸುತ್ತಿರುವವರು ಕಣ್ಣಿನ ಸಂಪೂರ್ಣ ತಪಾಸಣೆ ಮಾಡಿಸಿಕೊಳ್ಳುವುದು ಸೂಕ್ತ.

ಎಲ್ಲಿ ಸಂಪರ್ಕಿಸಬೇಕು?
1976ರಲ್ಲಿ ಆರಂಭವಾದ ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮದ ವ್ಯಾಪ್ತಿಗೆ ಪೊರೆಯ ಜೊತೆಗೆ ಗ್ಲಾಕೋಮಾ ಕೂಡ ಸೇರಿದೆ. ಜಿಲ್ಲಾ ಆಸ್ಪತ್ರೆ ಅಥವಾ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯ ನೇತ್ರ ವಿಭಾಗವನ್ನು, ಬೆಂಗಳೂರಿನಲ್ಲಿ ಮಿಂಟೋ ಕಣ್ಣಿನ ಆಸ್ಪತ್ರೆಯನ್ನು ಸಂಪರ್ಕಿಸಬಹುದು. ಬರುವಾಗ ಹಿಂದಿನ ಚಿಕಿತ್ಸೆಯ ಚೀಟಿಗಳು, ಬಳಸುತ್ತಿರುವ ಎಲ್ಲ ಔಷಧಿಗಳು ಹಾಗೂ ಕನ್ನಡಕವನ್ನು ತಪ್ಪದೆ ತರಬೇಕೆಂದು ಕೋರಲಾಗಿದೆ.