ಹೊಸ್ತಿಲಾಚೆಯ ನಾಯಿ, ಅಟ್ಟದ ಮೇಲಿನ ಬೆಕ್ಕು

‘ಮನೆಯಲ್ಲಿ ಬೆಕ್ಕಿದೆ. ಅದರ ಜೊತೆ ಹೊಂದಿಕೊಂಡು ಹೋಗುವ ಜಾತಿ ನಾಯಿ ಯಾವುದು?’ ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಯಂಥ ಹಳೆಯ ಬಡಾವಣೆಗಳ ಮನೆಗಳಲ್ಲಿ ಇಂದು ಸಹಜವಾಗಿ ಏಳುವ ಪ್ರಶ್ನೆ ಇದು. ಈ ಬಡಾವಣೆಗಳನ್ನು ಕಟ್ಟಿದ ತಲೆಮಾರಿನವರಿಗೆ ಇಂಥ ಪ್ರಶ್ನೆ ವಿಚಿತ್ರವಾಗಿ ತೋರುತ್ತಿತ್ತು. ನಾಯಿ, ಬೆಕ್ಕು ಎರಡೂ ಅವರ ಮನೆಗಳಲ್ಲಿ ಇರಲಿಲ್ಲವೆಂದಲ್ಲ. ಇದ್ದವು, ಆದರೆ ಒಂದೇ ಕಡೆ ಇರಲಿಲ್ಲ.

ಹಳೆಯ ಮನೆಗಳಲ್ಲಿ ಎರಡಕ್ಕೂ ಬೇರೆ ಬೇರೆ ಗಡಿಯಿತ್ತು. ಗೇಟು, ಕಾಂಪೌಂಡು, ಹೆಚ್ಚೆಂದರೆ ಜಗಲಿ ನಾಯಿಯ ಪಾಲು. ಮಡಿ-ಮೈಲಿಗೆ ಪಾಲಿಸುವ ಮನೆಯಲ್ಲಿ ಅದು ಹೊಸ್ತಿಲು ದಾಟುವಂತಿರಲಿಲ್ಲ. ಬೆಕ್ಕಿಗೆ ಆ ಕಟ್ಟುಪಾಡಿಲ್ಲ. ಅಟ್ಟ, ಉಗ್ರಾಣ, ಒಲೆಯ ಮಗ್ಗುಲು ಎಲ್ಲವೂ ಅದರವೇ. ಶ್ರಾದ್ಧದ ದಿನ ಅಡ್ಡಾಡುತ್ತಿದ್ದ ಬೆಕ್ಕನ್ನು ಹಿರಿಯರು ಬುಟ್ಟಿಯಡಿ ಮುಚ್ಚಿಟ್ಟರಂತೆ. ಮುಂದಿನ ತಲೆಮಾರಿನವರು ಅದೇ ಶಾಸ್ತ್ರವೆಂದು ತಿಳಿದು, ಮನೆಯಲ್ಲಿ ಬೆಕ್ಕಿಲ್ಲದಿದ್ದರೂ ಎಲ್ಲಿಂದಲೋ ಹಿಡಿದು ತಂದು ಬುಟ್ಟಿ ಕವುಚಿದರಂತೆ. ಈ ತಮಾಷೆಯ ಕಥೆ ಹುಟ್ಟಬೇಕಾದರೆ ಬೆಕ್ಕು ಅಡುಗೆಮನೆಯಲ್ಲಿ ಓಡಾಡಿಕೊಂಡಿರಬೇಕು. ನಾಯಿಯ ಬಗ್ಗೆ ಅಂಥ ಕಥೆ ಹುಟ್ಟುವುದು ಕಷ್ಟ.

ಇಲಿ, ಪ್ಲೇಗು ಮತ್ತು ಬೆಕ್ಕು

ಬೆಕ್ಕಿಗೆ ಈ ಸಲಿಗೆ ಸಿಕ್ಕಿದ್ದು ಅದರ ಕೆಲಸದಿಂದ. ಸುಮಾರು 10 ಸಾವಿರ ವರ್ಷಗಳ ಹಿಂದೆ ಪಶ್ಚಿಮ ಏಷ್ಯಾದಲ್ಲಿ ಮನುಷ್ಯ ಧಾನ್ಯ ಕೂಡಿಡತೊಡಗಿದಾಗ ಇಲಿ ಬಂತು; ಇಲಿಯ ಬೆನ್ನುಹತ್ತಿ ಕಾಡುಬೆಕ್ಕು ಬಂತು. ಸೈಪ್ರಸ್ ದ್ವೀಪದಲ್ಲಿ ಮನುಷ್ಯನ ಪಕ್ಕದಲ್ಲೇ ಹೂಳಿದ್ದ ಸುಮಾರು 9,500 ವರ್ಷ ಹಳೆಯ ಬೆಕ್ಕಿನ ಅಸ್ಥಿ ಸಿಕ್ಕಿದೆ. ನಾಯಿಯ ಸ್ನೇಹ ಇದಕ್ಕಿಂತ ಹಳೆಯದು. ಕನಿಷ್ಠ 15 ಸಾವಿರ ವರ್ಷಗಳ ಹಿಂದೆಯೇ ತೋಳದ ಕುಲದಿಂದ ಬೇರ್ಪಟ್ಟು ಅದು ಮನುಷ್ಯನ ಜೊತೆ ಬೇಟೆಗೆ ಹೊರಟಿತ್ತು.

ಬೆಂಗಳೂರಿನಲ್ಲೂ ಬೆಕ್ಕಿಗೆ ಕೆಲಸದ ಕೊರತೆಯಿರಲಿಲ್ಲ. ತರಗುಪೇಟೆ, ಅಕ್ಕಿಪೇಟೆಗಳ ಧಾನ್ಯದ ಮಂಡಿಗಳು ಹತ್ತಿರದಲ್ಲೇ ಇದ್ದವು. 1898ರಲ್ಲಿ ನಗರಕ್ಕೆ ಪ್ಲೇಗು ಕಾಲಿಟ್ಟಿತು. ಚಾಮರಾಜಪೇಟೆ 1892ರಲ್ಲೇ ರೂಪುಗೊಂಡಿತ್ತು. ಇಕ್ಕಟ್ಟಾದ ಪೇಟೆಯನ್ನು ಬಿಟ್ಟು ಜನ ಗಾಳಿ ಬೆಳಕಿನ ಜಾಗ ಹುಡುಕತೊಡಗಿದಾಗ ಬಸವನಗುಡಿ, ಮಲ್ಲೇಶ್ವರಗಳು ಬೆಳೆದವು. ಅಗಲವಾದ ರಸ್ತೆ, ಮನೆಯ ಸುತ್ತ ಖಾಲಿ ಜಾಗ, ಹಿಂಬದಿಯಲ್ಲಿ ಕನ್ಸರ್ವೆನ್ಸಿ ಓಣಿ, ಇವೆಲ್ಲ ಆ ಕಾಲದ ನೈರ್ಮಲ್ಯದ ಕಾಳಜಿಯ ಗುರುತುಗಳು.

ಅದೇ 1898ರಲ್ಲಿ ಕರಾಚಿಯಲ್ಲಿದ್ದ ಫ್ರೆಂಚ್ ವೈದ್ಯ ಪಾಲ್ ಲೂಯಿ ಸಿಮೊಂಡ್, ಪ್ಲೇಗನ್ನು ಹರಡುವುದು ಇಲಿಯ ಮೈಮೇಲಿನ ಚಿಗಟ ಎಂದು ತೋರಿಸಿದ. ಹತ್ತು ವರ್ಷಗಳ ನಂತರ ಭಾರತದ ವೈದ್ಯಕೀಯ ಸೇವೆಯಲ್ಲಿದ್ದ ಬ್ಯೂಕ್ಯಾನನ್ ಎಂಬ ಅಧಿಕಾರಿ, ಬೆಕ್ಕು ಸಾಕುವುದೇ ಪ್ಲೇಗಿಗೆ ಮದ್ದು ಎಂದು ‘ಬ್ರಿಟಿಷ್ ಮೆಡಿಕಲ್ ಜರ್ನಲ್’ನಲ್ಲಿ ವಾದಿಸಿದ. ಬೆಕ್ಕಿಗೂ ಪ್ಲೇಗು ತಗಲುತ್ತದೆ, ಅದರಿಂದ ಮನುಷ್ಯನಿಗೂ ಬರಬಹುದು ಎಂಬುದು ಈಗ ತಿಳಿದಿರುವುದರಿಂದ ಆ ಮದ್ದನ್ನು ಯಾರೂ ಹೇಳುವುದಿಲ್ಲ. ಆದರೆ ಆ ದಿನಗಳಲ್ಲಿ ಇಲಿ ಹಿಡಿಯುವ ಪ್ರಾಣಿಗೆ ಎಂಥ ಬೆಲೆಯಿತ್ತು ಎಂಬುದಕ್ಕೆ ಅದು ಸಾಕ್ಷಿ.

ಕಾಳಿಯ ಕಲ್ಲು

ನಾಯಿಯ ಕೆಲಸಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿದೆ. ಮಂಡ್ಯ ಜಿಲ್ಲೆಯ ಆತಕೂರಿನಿಂದ ಬಂದ ಈ ಶಾಸನಶಿಲೆ ಕ್ರಿ.ಶ. 949-50ರದು. ತಕ್ಕೋಲದ ಕದನದಲ್ಲಿ ಮೆರೆದ ಮಣಲೆರ, ಗಂಗರ ಇಮ್ಮಡಿ ಬೂತುಗನ ಕಡೆಯ ವೀರ. ಬೇಕಾದ್ದನ್ನು ಕೇಳು ಎಂದಾಗ ಅವನು ಕೇಳಿದ್ದು ಊರನ್ನಲ್ಲ, ಹೊನ್ನನ್ನಲ್ಲ. ಕಾಳಿ ಎಂಬ ಬೇಟೆನಾಯಿಯನ್ನು. ಆ ಕಾಳಿ ಮುಂದೆ ಕಾಡುಹಂದಿಯೊಡನೆ ಕಾದಾಡಿತು. ಹಂದಿ, ನಾಯಿ ಎರಡೂ ಸತ್ತವು. ನಾಯಿಯ ನೆನಪಿಗೆ ಕಲ್ಲು ನೆಟ್ಟು ಭೂಮಿಯನ್ನೂ ದತ್ತಿ ಬಿಟ್ಟರು.

ಕಾಳಿಗೆ ವೀರಗಲ್ಲು ತಂದುಕೊಟ್ಟ ಗುಣ ಎಂಥದು? ಎದುರಿಗೆ ಓಡುವ ಪ್ರಾಣಿಯನ್ನು ಬಿಡದೆ ಅಟ್ಟಿ ಹಿಡಿಯುವ ಗುಣ. ಬೇಟೆಗೆ ಅದು ಬೇಕೇಬೇಕು. ಬೆಕ್ಕಿರುವ ಮನೆಗೆ ಅದೇ ಗಂಡಾಂತರ. ನಾಯಿಯ ತಳಿಗಳ ಚರ್ಚೆಯೆಲ್ಲ ಇರುವುದು ಈ ಒಂದು ಗುಣದ ಸುತ್ತ.

ತಳಿಯೆಂದರೆ ಕೆಲಸ

ಕರ್ನಾಟಕದ ಹೆಮ್ಮೆಯ ತಳಿ ಮುಧೋಳ ನಾಯಿ. 20ನೆಯ ಶತಮಾನದ ಆರಂಭದಲ್ಲಿ ಮುಧೋಳ ಸಂಸ್ಥಾನದ ಮಾಲೋಜಿರಾವ್ ಘೋರ್ಪಡೆ ಈ ನಾಯಿಯ ಜೋಡಿಯೊಂದನ್ನು ಇಂಗ್ಲೆಂಡಿನ ದೊರೆ ಐದನೆಯ ಜಾರ್ಜ್‌ಗೆ ಕಾಣಿಕೆ ಕೊಟ್ಟ ಕಥೆ ಪ್ರಸಿದ್ಧ. 2005ರಲ್ಲಿ ಇದರ ಚಿತ್ರದ ಅಂಚೆಚೀಟಿ ಬಂತು. 2016ರಲ್ಲಿ ಭಾರತೀಯ ಸೇನೆ ಮೀರತ್‌ನಲ್ಲಿ ಇವುಗಳ ತರಬೇತಿ ಆರಂಭಿಸಿತು. ನೀಳ ಕಾಲು, ಸಪೂರ ಸೊಂಟ, ಉದ್ದ ಮೂತಿಯ ಈ ನಾಯಿ ವಾಸನೆಗಿಂತ ಹೆಚ್ಚಾಗಿ ಕಣ್ಣಿನಿಂದ ಬೇಟೆಯಾಡುವುದು. ಬಯಲುಸೀಮೆಯಲ್ಲಿ ಮೊಲ ಅಟ್ಟುತ್ತಿದ್ದ ಅದರ ಕಣ್ಣಿಗೆ ಮನೆಯ ಬೆಕ್ಕು ಓಡತೊಡಗಿದರೆ ಮೊಲದಂತೆಯೇ ಕಂಡೀತು. ಇದು ಆ ನಾಯಿಯ ದೋಷವಲ್ಲ. ತಲೆತಲಾಂತರದಿಂದ ಅದನ್ನು ಬೆಳೆಸಿರುವುದೇ ಅದಕ್ಕೆ.

ವಿದೇಶಿ ತಳಿಗಳ ಕಥೆಯೂ ಇಂಥದೇ. 1809ರಲ್ಲಿ ದಂಡುಪ್ರದೇಶ ಸ್ಥಾಪನೆಯಾದ ಮೇಲೆ ಬ್ರಿಟಿಷರ ಜೊತೆ ಅವರ ನಾಯಿಗಳೂ ಬಂದವು. ಟೆರಿಯರ್ ಬಿಲದೊಳಗಿನ ಇಲಿ, ನರಿಗಳನ್ನು ಹಿಡಿಯಲು ಬೆಳೆಸಿದ ನಾಯಿ. ಗುಂಡೇಟಿಗೆ ಬಿದ್ದ ಹಕ್ಕಿಯನ್ನು ಜಜ್ಜದೆ ಮೆತ್ತಗೆ ಕಚ್ಚಿ ತರಬೇಕಾದ್ದು ಲ್ಯಾಬ್ರಡಾರ್ ಮತ್ತು ಗೋಲ್ಡನ್ ರಿಟ್ರೀವರ್‌ಗಳ ಕೆಲಸ. ಕುರಿ ಕಾಯುವ ಕಾಲಿ ಕಚ್ಚದೆ ಅಟ್ಟುತ್ತದೆ. ಸೈಬೀರಿಯಾದ ಹಿಮದಲ್ಲಿ ಗಾಡಿ ಎಳೆಯುವ ಹಸ್ಕಿಗೆ ಸಣ್ಣ ಪ್ರಾಣಿ ಕಂಡರೆ ಬೇಟೆಯ ಹುರುಪು ಹೆಚ್ಚು. 1980-90ರ ದಶಕಗಳಲ್ಲಿ ಬೆಂಗಳೂರಿನ ಮಧ್ಯಮವರ್ಗದ ಮನೆಗಳಲ್ಲಿ ‘ಪಾಮೇರಿಯನ್’ ಎಂದು ಕರೆಸಿಕೊಂಡ ಬಿಳಿಯ ಜೂಲು ನಾಯಿ ಬಹುಮಟ್ಟಿಗೆ ಇಂಡಿಯನ್ ಸ್ಪಿಟ್ಜ್. ಬೊಗಳುವುದರಲ್ಲಿ ಮುಂದಾದರೂ ಗಾತ್ರ ಚಿಕ್ಕದಾದ್ದರಿಂದ ಅದರಿಂದ ಬೆಕ್ಕಿಗೆ ಅಪಾಯ ಕಡಿಮೆ.

ಹೀಗೆ ನೋಡಿದರೆ ಉತ್ತರ ಸುಲಭವೆನಿಸುತ್ತದೆ. ಲ್ಯಾಬ್ರಡಾರ್, ರಿಟ್ರೀವರ್, ಸ್ಪ್ಯಾನಿಯಲ್ ಆದೀತು. ಬೇಟೆನಾಯಿ, ಟೆರಿಯರ್, ಹಸ್ಕಿಗಳ ವಿಷಯದಲ್ಲಿ ಎಚ್ಚರ. ತಳಿಗಳ ಕೈಪಿಡಿಗಳು ಸಾಮಾನ್ಯವಾಗಿ ಹೇಳುವುದೂ ಇದನ್ನೇ. ಇದು ಸುಳ್ಳಲ್ಲ. ಆದರೆ ಪೂರ್ತಿ ನಿಜವೂ ಅಲ್ಲ.

ತೆನಾಲಿ ರಾಮಕೃಷ್ಣನ ಬೆಕ್ಕು

ವಿಜಯನಗರದಲ್ಲಿ ಇಲಿಯ ಕಾಟ ಹೆಚ್ಚಿದಾಗ ಕೃಷ್ಣದೇವರಾಯ ಮನೆಮನೆಗೂ ಒಂದೊಂದು ಬೆಕ್ಕನ್ನೂ, ಅದರ ಹಾಲಿಗೆಂದು ಒಂದೊಂದು ಹಸುವನ್ನೂ ಕೊಟ್ಟನಂತೆ. ತೆನಾಲಿ ರಾಮಕೃಷ್ಣ ಮೊದಲ ದಿನವೇ ಬೆಕ್ಕಿನ ಮುಂದೆ ಕುದಿಯುವ ಹಾಲಿಟ್ಟ. ಬಾಯಿ ಸುಟ್ಟುಕೊಂಡ ಬೆಕ್ಕು ಮತ್ತೆಂದೂ ಹಾಲಿನ ಹತ್ತಿರ ಸುಳಿಯಲಿಲ್ಲ. ಹಾಲು ಕುಡಿಯುವುದು ಬೆಕ್ಕಿನ ಹುಟ್ಟುಗುಣವಾದರೂ ಎಳವೆಯ ಒಂದು ಅನುಭವ ಅದನ್ನು ಮೀರಿಸಿತು ಎಂಬುದು ಕಥೆಯ ಒಳತಿರುಳು.

ವಿಜ್ಞಾನಿಗಳು ಕಂಡುಕೊಂಡಿದ್ದೂ ಇದಕ್ಕೆ ದೂರವಾದುದಲ್ಲ. ನಾಯಿಮರಿಗಳನ್ನು ದೀರ್ಘಕಾಲ ಅಭ್ಯಾಸ ಮಾಡಿದ ಅಮೆರಿಕದ ಸ್ಕಾಟ್ ಮತ್ತು ಫುಲ್ಲರ್ 1965ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಮರಿ ಹುಟ್ಟಿದ ಸುಮಾರು 3ನೆಯ ವಾರದಿಂದ 12ನೆಯ ವಾರದವರೆಗಿನ ಅವಧಿ ನಿರ್ಣಾಯಕ ಎಂದು ತೋರಿಸಿದರು. ಆಗ ಯಾರ ಒಡನಾಟ ಸಿಗುತ್ತದೋ ಅವರನ್ನು ಅದು ತನ್ನವರೆಂದು ಒಪ್ಪಿಕೊಳ್ಳುತ್ತದೆ. ಬೆಕ್ಕಿನ ಮರಿಗೆ ಈ ಅವಧಿ ಇನ್ನೂ ಬೇಗ, ಸುಮಾರು 2ರಿಂದ 7ನೆಯ ವಾರ.

ಇಸ್ರೇಲಿನ ಟೆಲ್ ಅವೀವ್ ವಿಶ್ವವಿದ್ಯಾಲಯದ ಸಂಶೋಧಕರು 2008ರಲ್ಲಿ ನಾಯಿ, ಬೆಕ್ಕು ಎರಡೂ ಇರುವ ಮನೆಗಳ ಅಧ್ಯಯನ ಪ್ರಕಟಿಸಿದರು. ಸುಮಾರು ಮೂರನೆಯ ಎರಡು ಪಾಲು ಮನೆಗಳಲ್ಲಿ ಅವು ಸ್ನೇಹದಿಂದಿದ್ದವು. ಬೆಕ್ಕು ಮೊದಲು ಬಂದಿದ್ದರೆ, ಬೆಕ್ಕಿಗೆ ಆರು ತಿಂಗಳು, ನಾಯಿಗೆ ಒಂದು ವರ್ಷ ತುಂಬುವುದರೊಳಗೆ ಪರಿಚಯವಾಗಿದ್ದರೆ ಹೊಂದಾಣಿಕೆ ಹೆಚ್ಚು. ಇನ್ನೊಂದು ಸ್ವಾರಸ್ಯದ ಸಂಗತಿಯೂ ಹೊರಬಿತ್ತು. ನಾಯಿ ಬಾಲ ಅಲ್ಲಾಡಿಸಿದರೆ ಸಂತೋಷ, ಬೆಕ್ಕು ಬಾಲ ಬಡಿದರೆ ಸಿಟ್ಟು. ಹೀಗೆ ಉಲ್ಟಾ ಇರುವ ಭಾಷೆಯನ್ನೂ ಎಳವೆಯಿಂದ ಜೊತೆಯಲ್ಲಿ ಬೆಳೆದ ಪ್ರಾಣಿಗಳು ಪರಸ್ಪರ ಕಲಿತುಕೊಂಡಿದ್ದವು.

2022ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಅಧ್ಯಯನ ತಳಿಯ ಮಹತ್ವವನ್ನೇ ಅಳೆದು ನೋಡಿತು. 18 ಸಾವಿರಕ್ಕೂ ಹೆಚ್ಚು ನಾಯಿಗಳ ಮಾಹಿತಿ, 2 ಸಾವಿರಕ್ಕೂ ಹೆಚ್ಚು ನಾಯಿಗಳ ವಂಶವಾಹಿ ಪರೀಕ್ಷೆ. ಬಂದ ಫಲಿತಾಂಶವೆಂದರೆ, ನಾಯಿ ನಾಯಿಯ ನಡುವಿನ ಸ್ವಭಾವದ ವ್ಯತ್ಯಾಸದಲ್ಲಿ ತಳಿಯಿಂದ ವಿವರಿಸಲಾಗುವುದು ಸುಮಾರು ಶೇ 9ರಷ್ಟು ಮಾತ್ರ. ಅಂದರೆ ತಳಿ ಒಂದು ಸುಳಿವು ಕೊಡುತ್ತದೆ, ಖಾತರಿ ಕೊಡುವುದಿಲ್ಲ.

ಗೋಡೆ ಬಿದ್ದ ಮೇಲೆ

ಹಾಗಾದರೆ ಈ ಪ್ರಶ್ನೆ ಈಗ ಏಕೆ ಇಷ್ಟು ಮುಖ್ಯವಾಯಿತು? ಹಳೆಯ ಬಡಾವಣೆಗಳಲ್ಲಿ ಕಾಂಪೌಂಡಿನ ಮನೆಗಳು ಒಂದೊಂದಾಗಿ ಅಪಾರ್ಟ್‌ಮೆಂಟುಗಳಾದವು. ಜಗಲಿ ಹೋಯಿತು, ಅಟ್ಟವೂ ಹೋಯಿತು. ಹೊಸ್ತಿಲ ಆಚೆಗಿದ್ದ ನಾಯಿ ಸೋಫಾ ಏರಿತು. ಬೆಕ್ಕಿಗೆ ಓಡಿಹೋಗಲು ಹಿತ್ತಿಲಿಲ್ಲ, ಹತ್ತಲು ಹೆಂಚಿನ ಮಾಡಿಲ್ಲ. ಶತಮಾನಗಳಿಂದ ಗೋಡೆಯೊಂದು ಮಾಡುತ್ತಿದ್ದ ಕೆಲಸವನ್ನು ಈಗ ತಳಿಯೊಂದು ಮಾಡಿಕೊಡಲಿ ಎಂದು ಮನೆಯವರು ಬಯಸುತ್ತಿದ್ದಾರೆ.

ಆಯ್ಕೆ ತಪ್ಪಿದರೆ ಬೆಲೆ ತೆರುವುದು ಪ್ರಾಣಿಗಳು. ದೊಡ್ಡ ನಾಯಿ ಒಮ್ಮೆ ಕಚ್ಚಿ ಕೊಡವಿದರೆ ಬೆಕ್ಕು ಉಳಿಯದು. ‘ಹೊಂದಿಕೊಳ್ಳಲಿಲ್ಲ’ ಎಂದು ಬೀದಿಗೆ ಬಿಟ್ಟ ಜಾತಿ ನಾಯಿ ಅಲ್ಲಿ ಹೆಚ್ಚು ದಿನ ಬಾಳದು. ಬೀದಿಯಲ್ಲೇ ಹುಟ್ಟಿದ ನಾಡನಾಯಿಗಳನ್ನಾದರೋ ಈ ಲೆಕ್ಕಕ್ಕೆ ಸೇರಿಸುವವರೇ ಕಡಿಮೆ. 2023ರ ಗಣತಿಯಂತೆ ಬಿಬಿಎಂಪಿ ವ್ಯಾಪ್ತಿಯಲ್ಲಿ ಸುಮಾರು 2.79 ಲಕ್ಷ ಬೀದಿನಾಯಿಗಳಿದ್ದವು. ಒಂದೇ ಓಣಿಯಲ್ಲಿ ಬೆಕ್ಕಿನ ಕಣ್ಣೆದುರೇ ಬೆಳೆದ ನಾಡಮರಿ, ಬೆಕ್ಕನ್ನೇ ಕಾಣದೆ ಬೆಳೆದ ದುಬಾರಿ ಲ್ಯಾಬ್ರಡಾರ್‌ಗಿಂತ ಒಳ್ಳೆಯ ಜೊತೆಯಾಗಬಹುದು.

ಆದ್ದರಿಂದ ಮರಿ ತರಲು ಹೋದವರು ತಳಿಯ ಹೆಸರಿನ ಜೊತೆ ಇನ್ನೂ ಮೂರು ಮಾತು ಕೇಳಬೇಕು: ಇದರ ವಯಸ್ಸೆಷ್ಟು? ಎಲ್ಲಿ, ಯಾರ ನಡುವೆ ಬೆಳೆಯಿತು? ಬೆಕ್ಕನ್ನು ನೋಡಿದೆಯೇ, ನೋಡಿದಾಗ ಏನು ಮಾಡಿತು? ಮನೆಗೆ ತಂದ ಮೇಲೆ ಮೊದಲ ಕೆಲವು ವಾರ ನಾಯಿಯ ಕೊರಳಿಗೆ ಹಗ್ಗವಿರಬೇಕು. ಊಟದ ತಟ್ಟೆಗಳು ದೂರದೂರ ಇರಬೇಕು. ಬೆಕ್ಕಿಗೆ ನಾಯಿಗೆ ಎಟುಕದಷ್ಟು ಎತ್ತರದಲ್ಲಿ ಒಂದು ಹಲಗೆ, ಒಂದು ಗೂಡು ಬೇಕು. ಹಳೆಯ ಮನೆಯ ಅಟ್ಟದ ಬದಲಿಗೆ ಇಂದಿನ ಫ್ಲ್ಯಾಟಿನಲ್ಲಿ ಬೆಕ್ಕಿಗೆ ಕೊಡಬಹುದಾದದ್ದು ಅಷ್ಟೇ. ಆದರೆ ಅಷ್ಟನ್ನು ಕೊಡದೆ ಇದ್ದರೆ, ಯಾವ ತಳಿಯ ನಾಯಿ ತಂದರೂ ಅದು ಬೆಕ್ಕಿಗೆ ಅನ್ಯಾಯವೇ.